ಇಲ್ಲದ ಗಂಟೆಯನ್ನು ಮಾರಬೇಡಿ

ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರಿಗೆ, ಸೂಪರ್‌ವೈಸರ್‌ಗಳಿಗೆ, ಪ್ಲಾನಿಂಗ್ ನೋಡಿಕೊಳ್ಳುವ ಎಳೆಯ ಗೆಳೆಯರಿಗೆ,



ತಿಂಗಳ ಮೊದಲ ವಾರದಲ್ಲಿ ನಮ್ಮೆಲ್ಲರ ಆಫೀಸಿಗೂ ಒಂದು ಫೋನ್ ಬರುತ್ತದೆ. ಆ ಕಡೆಯಿಂದ ಪರ್ಚೇಸ್‌ನವರು, "ಎಲ್ಲ ಐಟಂ ಸೇರಿ ಈ ತಿಂಗಳು ಸಾವಿರದ ಒಂಬೈನೂರು ಪೀಸ್ ಬೇಕಲ್ಲಾ, ಆಗುತ್ತಾ?" ಎಂದು ಕೇಳುತ್ತಾರೆ. ನಾವು ಗೋಡೆಯ ಕ್ಯಾಲೆಂಡರ್ ಕಡೆ ಒಮ್ಮೆ ನೋಡಿ, ಮನಸ್ಸಿನಲ್ಲೇ ಎರಡು ಗುಣಾಕಾರ ಹಾಕಿ, "ಆಗುತ್ತೆ ಸಾರ್, ಪಿಓ ಕಳಿಸಿ" ಅನ್ನುತ್ತೇವೆ. ಅರ್ಧ ನಿಮಿಷದ ಮಾತು. ಆ ಅರ್ಧ ನಿಮಿಷದಲ್ಲಿ ನಾವು ನಮ್ಮ ಮಷೀನಿನ ಗಂಟೆಗಳನ್ನು ಮಾರಿರುತ್ತೇವೆ. ಅಷ್ಟು ಗಂಟೆ ನಮ್ಮ ಹತ್ತಿರ ಇದೆಯೇ ಎಂದು ಎಣಿಸಿ ನೋಡಿ ಮಾರುವವರು ನಮ್ಮಲ್ಲಿ ಬಹಳ ಕಡಿಮೆ. ಈ ಪತ್ರ ಅದರ ಬಗ್ಗೆ.

ನಾನು ಮೂವತ್ತು ವರ್ಷ ಪೀಣ್ಯದಲ್ಲೇ ಪ್ಲಾನಿಂಗ್ ಕೆಲಸ ಮಾಡಿದವನು. ನನಗೆ ಕೆಲಸ ಕಲಿಸಿದ ಫೋರ್‌ಮನ್ ಎಚ್‌ಎಂಟಿಯಲ್ಲಿ ಪಳಗಿ ಬಂದವರು. 1953ರಲ್ಲಿ ಜಾಲಹಳ್ಳಿಯಲ್ಲಿ ಲೇತ್ ಮಾಡಲು ಹುಟ್ಟಿದ ಕಾರ್ಖಾನೆ ಅದು. 1961ರ ಹೊತ್ತಿಗೆ ಕೈಗಡಿಯಾರಕ್ಕೂ ಕೈಹಾಕಿತು. ಒಂದೇ ಹೆಸರಿನಲ್ಲಿ ಮಷೀನೂ ಗಡಿಯಾರವೂ ಬಂದ ಊರು ನಮ್ಮದು. ಆ ಫೋರ್‌ಮನ್ ಹೇಳುತ್ತಿದ್ದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಗಡಿಯಾರ ಓಡಿದಷ್ಟೂ ಮಷೀನು ಓಡಲ್ಲ ಕಣಪ್ಪ. ಎರಡರ ಮಧ್ಯೆ ಎಷ್ಟು ಅಂತರ ಇದೆ ಅಂತ ತಿಳ್ಕೊಂಡೋನೇ ಪ್ಲಾನರು."

ಆ ಅಂತರವನ್ನು ಒಂದು ಸಲ ನಿಮ್ಮ ಜೊತೆ ಕೂತು ಎಣಿಸುವ ಆಸೆ ನನಗೆ. 2025ರ ಅಕ್ಟೋಬರ್ ತಿಂಗಳನ್ನು ತೆಗೆದುಕೊಳ್ಳೋಣ. ನಮ್ಮ ಯಾವ ಅಡ್ಡರಸ್ತೆಯಲ್ಲಾದರೂ ಕಾಣುವಂಥ ಒಂದು ವಿಎಂಸಿ (ವರ್ಟಿಕಲ್ ಮಷೀನಿಂಗ್ ಸೆಂಟರ್), ಎರಡು ಶಿಫ್ಟು, ಸರಾಸರಿ 12 ನಿಮಿಷದ ಸೈಕಲ್ ಟೈಮ್ ಇರುವ ಬಿಡಿಭಾಗಗಳು. ಇದಿಷ್ಟೇ ನಮ್ಮ ಸರಕು.

31 ದಿನಕ್ಕೆ 744 ಗಂಟೆ. ಇದು ಗಡಿಯಾರದ ಗಂಟೆ, ಯಾರಿಗೂ ಸಿಕ್ಕುವುದಿಲ್ಲ. ನಾಲ್ಕು ಭಾನುವಾರ ತೆಗೆದರೆ 27 ದಿನ. ಒಂದನೇ ತಾರೀಕು ಆಯುಧಪೂಜೆ. ಅಂದು ಮಷೀನಿಗೆ ಸ್ನಾನ, ಕುಂಕುಮ, ಬೂದುಗುಂಬಳಕಾಯಿ. ಅಂದು ಚಿಪ್ಸ್ ಬೀಳಿಸಿದರೆ ಆಪರೇಟರ್ ಮನಸ್ಸು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಎರಡನೇ ತಾರೀಕು ಗಾಂಧಿ ಜಯಂತಿ, ವಿಜಯದಶಮಿ ಒಟ್ಟಿಗೆ. 22ಕ್ಕೆ ಬಲಿಪಾಡ್ಯಮಿ. ಉಳಿದದ್ದು 24 ದಿನ. ಇಲ್ಲೇ ಒಂದು ತಪ್ಪು ನಡೆದುಹೋಗುತ್ತದೆ. ಅದೇ ವರ್ಷ ಜುಲೈಯಲ್ಲಿ ಭಾನುವಾರ ಬಿಟ್ಟರೆ 27 ದಿನ ಇತ್ತು. ಆ ಜುಲೈನ ಶೀಟನ್ನೇ ಕಾಪಿ ಮಾಡಿ ಮೇಲೆ ತಿಂಗಳ ಹೆಸರು ಮಾತ್ರ ಬದಲಿಸಿದವರು ಮೊದಲ ದಿನವೇ ಮೂರು ದಿನ ಹಿಂದೆ ಬಿದ್ದಿರುತ್ತಾರೆ.

24 ದಿನ, ಎರಡು ಶಿಫ್ಟು, 8 ಗಂಟೆ: 384. ನಮ್ಮಲ್ಲಿ ಹೆಚ್ಚಿನವರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. 384 ಗಂಟೆಗೆ, 12 ನಿಮಿಷಕ್ಕೊಂದರಂತೆ, 1920 ಪೀಸ್. ಅದಕ್ಕೇ ಫೋನಿನಲ್ಲಿ ಅಷ್ಟು ಸಲೀಸಾಗಿ "ಆಗುತ್ತೆ ಸಾರ್" ಬಂದುಬಿಡುತ್ತದೆ.

ಈಗ ಗೇಟಿನ ಒಳಗೆ ಬರೋಣ. 8 ಗಂಟೆಯಲ್ಲಿ ಊಟಕ್ಕೆ ಅರ್ಧ ಗಂಟೆ. ಎರಡು ಟೀ, ಹತ್ತತ್ತು ನಿಮಿಷ. ಶಿಫ್ಟು ಬದಲಾಗುವಾಗ ಹಿಂದಿನವನು ಎಲ್ಲಿಗೆ ಬಿಟ್ಟಿದ್ದಾನೆ ಎಂದು ಕೇಳಿಕೊಂಡು, ಕೂಲಂಟ್ ಮಟ್ಟ ನೋಡಿ, ಟೇಬಲ್ ಒರೆಸಿ ಶುರು ಮಾಡಲು ಹತ್ತು ನಿಮಿಷ. ಒಟ್ಟು ಒಂದು ಗಂಟೆ. ಇದರಲ್ಲಿ ಯಾವುದೂ ಸೋಮಾರಿತನ ಅಲ್ಲ. ಊಟದ ಅರ್ಧ ಗಂಟೆಯಂತೂ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿಟ್ಟದ್ದು. ಅಲ್ಲಿಗೆ ಶಿಫ್ಟಿಗೆ 7 ಗಂಟೆ, ತಿಂಗಳಿಗೆ 336.

ವಾರಕ್ಕೊಮ್ಮೆ ಮೂರು ಗಂಟೆ ಮಷೀನು ನಿಲ್ಲಿಸಿ ಎಣ್ಣೆ, ಫಿಲ್ಟರ್, ವೇ ಕವರ್, ಚಿಪ್ಸ್ ಟ್ರೇ ನೋಡಬೇಕು. ನಾಲ್ಕು ವಾರಕ್ಕೆ 12 ಗಂಟೆ. ಇದನ್ನು ಬರೆದಿಡದಿದ್ದರೆ ಮಾಡುವುದೂ ಇಲ್ಲ. ಮಾಡದಿದ್ದರೆ ಮಷೀನು ತನಗೆ ಬೇಕಾದ ದಿನ, ನಮಗೆ ಬೇಡದ ದಿನ, ತಾನೇ ರಜೆ ತೆಗೆದುಕೊಳ್ಳುತ್ತದೆ. ಉಳಿದದ್ದು 324.

ಇನ್ನು ಸೆಟ್ಟಿಂಗ್. ಸಣ್ಣ ಲಾಟುಗಳ ಕೆಲಸ, ತಿಂಗಳಿಗೆ 18 ಸಲ ಐಟಂ ಬದಲಾಗುತ್ತದೆ ಅನ್ನಿ. ಹಳೆ ಫಿಕ್ಸ್‌ಚರ್ ಇಳಿಸಿ, ಹೊಸದು ಏರಿಸಿ, ಡಯಲ್ ಕೊಟ್ಟು, ಟೂಲುಗಳ ಉದ್ದ ತೆಗೆದು, ಮೊದಲ ಪೀಸ್ ಹೊಡೆದು ಇನ್‌ಸ್ಪೆಕ್ಷನ್‌ನಿಂದ ಓಕೆ ಆಗಿ ಬರುವವರೆಗೆ ಎರಡು ಗಂಟೆ. 36 ಗಂಟೆ ಹೋಯಿತು. ಉಳಿದದ್ದು 288.

ಕೊನೆಯದು ಯಾರೂ ಬರೆಯದ ಭಾಗ: ತಾನಾಗಿ ಬರುವ ನಿಲುಗಡೆ. ಕರೆಂಟು ಹತ್ತು ಸೆಕೆಂಡು ಹೋಗಿ ಬಂದದ್ದನ್ನು ಲಾಗ್‌ಬುಕ್ಕಿನಲ್ಲಿ ಯಾರೂ ಬರೆಯುವುದಿಲ್ಲ. ಆದರೆ ಆ ಹತ್ತು ಸೆಕೆಂಡು ನಲವತ್ತು ನಿಮಿಷವಾಗುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಟ್ಯಾಪು ತೂತಿನೊಳಗೆ ಮುಕ್ಕಾಲು ಇಳಿದಿದೆ, ಅಷ್ಟರಲ್ಲಿ ದೀಪ ಆರಿತು. ಸ್ಪಿಂಡಲ್ ನಿಂತಿತು, ಟ್ಯಾಪು ಲೋಹದೊಳಗೇ ಕಚ್ಚಿಕೊಂಡಿತು. ಕರೆಂಟು ಬಂದ ಮೇಲೆ ಆಪರೇಟರ್ ಉಸಿರು ಬಿಗಿಹಿಡಿದು ಸ್ಪಿಂಡಲನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸುತ್ತಾನೆ. ಎರಡು ಸುತ್ತು ಬಂದು ಟಕ್ ಎಂದು ಟ್ಯಾಪು ಮುರಿಯುತ್ತದೆ. ಪೀಸ್ ಇಳಿಸಬೇಕು, ಹೊಸ ಟ್ಯಾಪು ಹುಡುಕಬೇಕು, ಸ್ಟೋರಿನ ಬೀಗದ ಕೈ ಇರುವವನು ಟೀಗೆ ಹೋಗಿರುತ್ತಾನೆ, ಕಂಪ್ರೆಸರ್‌ನಲ್ಲಿ ಗಾಳಿ ಏರಬೇಕು, ಪ್ರೋಗ್ರಾಮನ್ನು ಎಲ್ಲಿಂದ ಹಿಡಿಯಬೇಕೆಂದು ನೋಡಬೇಕು. ಇಂಥವು, ಸಣ್ಣಪುಟ್ಟ ಬ್ರೇಕ್‌ಡೌನ್, ಇನ್‌ಸರ್ಟ್ ಬದಲಾವಣೆ, ಆಪರೇಟರ್ ದಿಢೀರ್ ರಜೆ ಎಲ್ಲ ಸೇರಿ ಉಳಿದದ್ದರಲ್ಲಿ ನೂರಕ್ಕೆ ಹದಿನೈದು ಹೋಗುತ್ತದೆ ಎಂದು ಇಟ್ಟುಕೊಳ್ಳಿ. 288ರಲ್ಲಿ 43 ಗಂಟೆ. ಉಳಿದದ್ದು 245.

744ರಿಂದ ಇಳಿಯುತ್ತಾ ಬಂದು 245. ತಿಂಗಳ ಮೂರನೇ ಒಂದು ಪಾಲೂ ಪೂರ್ತಿ ಇಲ್ಲ. ಪೀಸಿನ ಲೆಕ್ಕದಲ್ಲಿ 1225. ನೂರಕ್ಕೆ ಮೂರು ರಿಜೆಕ್ಟ್ ತೆಗೆದರೆ 1188. ನಾವು ಫೋನಿನಲ್ಲಿ ಒಪ್ಪಿಕೊಂಡದ್ದು 1900.

ನಿಮ್ಮ ಮಷೀನಿನ ಅಂಕಿ ಬೇರೆ ಇರುತ್ತದೆ. ಅದು 280 ಇರಬಹುದು, 190 ಇರಬಹುದು. ನನ್ನ 245ನ್ನು ದಯವಿಟ್ಟು ಯಾರೂ ಕಾಪಿ ಮಾಡಬೇಡಿ. ಮೆಟ್ಟಿಲುಗಳನ್ನು ಮಾತ್ರ ಕಾಪಿ ಮಾಡಿ, ಅಂಕಿಯನ್ನು ನಿಮ್ಮ ನೆಲದಿಂದ ಎತ್ತಿಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮಲ್ಲಿ ಸ್ವಲ್ಪ ಓದಿಕೊಂಡವರು 384ನ್ನು ನೇರವಾಗಿ ಶೇ. 85ರಿಂದ ಗುಣಿಸಿ 326 ಎಂದು ಬರೆದು ಸಮಾಧಾನ ಪಡುತ್ತಾರೆ. ಆ 85 ಎಲ್ಲಿಂದ ಬಂತು? ಜಪಾನಿನ ಸೆಯಿಚಿ ನಕಾಜಿಮಾ ಅವರು ಮಷೀನು ನಿರ್ವಹಣೆಯ ಟಿಪಿಎಂ ಪದ್ಧತಿಯನ್ನು ಕಟ್ಟಿದಾಗ, ಮಷೀನು ಲಭ್ಯವಿರುವುದು ಶೇ. 90, ಓಡುವ ವೇಗ ಶೇ. 95, ಒಳ್ಳೆಯ ಪೀಸ್ ಶೇ. 99 ಇದ್ದರೆ ಮೂರನ್ನೂ ಗುಣಿಸಿ ಸುಮಾರು 85 ಬರುತ್ತದೆ, ಅದನ್ನು ಮುಟ್ಟಿ ಎಂದು ಗುರಿ ಇಟ್ಟರು. ಅದು ಏರಬೇಕಾದ ಬೆಟ್ಟದ ತುದಿ. ನಾವು ಬೆಟ್ಟದ ಬುಡದಲ್ಲಿ ನಿಂತು, ತುದಿಯಲ್ಲಿದ್ದೇವೆಂದುಕೊಂಡು ಡೆಲಿವರಿ ತಾರೀಕು ಕೊಡುತ್ತಿದ್ದೇವೆ.

ಹೋಗಲಿ, 245 ಇರುವಲ್ಲಿ 384 ಎಂದುಕೊಂಡು 139 ಗಂಟೆ ಹೆಚ್ಚು ಒಪ್ಪಿಕೊಂಡರೆ ಏನಾಗುತ್ತದೆ? "ಹತ್ತು ದಿನ ಲೇಟಾಗುತ್ತೆ, ಮ್ಯಾನೇಜ್ ಮಾಡೋಣ" ಎಂದು ಅನ್ನಿಸಬಹುದು. ಆದರೆ ಸಾಲ ಮಾಡಿದ್ದು ಶಿಫ್ಟಿನ ಗಂಟೆಯ ಲೆಕ್ಕದಲ್ಲಿ, ತೀರಿಸಬೇಕಾದದ್ದು ನಿಜವಾದ ಗಂಟೆಯ ಲೆಕ್ಕದಲ್ಲಿ. 245 ಗಂಟೆಯನ್ನು 24 ದಿನಕ್ಕೆ ಹಂಚಿದರೆ ದಿನಕ್ಕೆ ಸಿಕ್ಕುವುದು ಹತ್ತು ಗಂಟೆಗೆ ಸ್ವಲ್ಪ ಮೇಲೆ. 139 ಗಂಟೆ ತೀರಿಸಲು ಹದಿಮೂರೂವರೆ ಕೆಲಸದ ದಿನ ಬೇಕು. ಅಂದರೆ ಮುಂದಿನ ತಿಂಗಳ ಅರ್ಧವನ್ನು ನಾವು ಈ ತಿಂಗಳೇ ತಿಂದುಬಿಟ್ಟಿರುತ್ತೇವೆ. ಮತ್ತೆ ಫೋನ್ ಬರುತ್ತದೆ, ಮತ್ತೆ 384ರ ಲೆಕ್ಕದಲ್ಲೇ ಒಪ್ಪಿಕೊಳ್ಳುತ್ತೇವೆ.

ಈ ಸಾಲವನ್ನು ತೀರಿಸುವವರು ಯಾರು ಎನ್ನುವುದನ್ನು ನಾನು ಇಪ್ಪತ್ತು ವರ್ಷದ ಹಿಂದೆ ಕಂಡೆ. ಆಗ ಒಂದು ಕಾರ್ಖಾನೆಯಲ್ಲಿ ವಾಲ್ವ್ ಬಾಡಿಗಳ ಆರ್ಡರಿಗೆ ಗಂಟೆ ಲೆಕ್ಕ ಹಾಕಿಕೊಟ್ಟವನು ನಾನು. 26 ದಿನ, ಎರಡು ಶಿಫ್ಟು, 8 ಗಂಟೆ, 416. ಪೆನ್ಸಿಲಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಏನನ್ನೂ ಕಳೆಯಲಿಲ್ಲ. ಇಪ್ಪತ್ತನೇ ತಾರೀಕಿನ ಹೊತ್ತಿಗೆ ಅರ್ಧ ಕೆಲಸ ಬಾಕಿ. ಆಮೇಲೆ ನಮ್ಮಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆವು: ಡಬಲ್ ಶಿಫ್ಟು. ಸಿಂಧನೂರಿನ ಕಡೆಯ ಒಬ್ಬ ಹುಡುಗ ಸತತ ನಾಲ್ಕನೇ ದಿನ ಹದಿನಾರು ಗಂಟೆ ನಿಂತಿದ್ದ. ಬೆಳಗಿನ ಜಾವ ಮೂರೂಮುಕ್ಕಾಲಿಗೆ ಡ್ರಿಲ್ ಮುರಿಯಿತು. ಹೊಸ ಡ್ರಿಲ್ ಹಾಕಿ, ಅದರ ಉದ್ದ ಅಳೆದು, ಆಫ್‌ಸೆಟ್ ಪುಟದಲ್ಲಿ 184.6 ಹೊಡೆಯಬೇಕಿತ್ತು. 148.6 ಹೊಡೆದ. ಟೂಲು ನಿಜಕ್ಕಿಂತ 36 ಮಿಲಿಮೀಟರ್ ಗಿಡ್ಡ ಎಂದು ಮಷೀನು ನಂಬಿತು, ಪೂರಾ ವೇಗದಲ್ಲಿ ಇಳಿದು ಫಿಕ್ಸ್‌ಚರಿಗೆ ಬಡಿಯಿತು. ಸ್ಪಿಂಡಲ್ ಬೇರಿಂಗ್ ಹೋಯಿತು. ಹೊಸ ಸ್ಪಿಂಡಲ್ ಬಂದು ಕೂರಲು 19 ದಿನ ಹಿಡಿಯಿತು.

ನಾನು ಬೆಳಿಗ್ಗೆ ಹೋದಾಗ ಆ ಹುಡುಗ ಮಷೀನಿನ ಪಕ್ಕ ಎಣ್ಣೆ ಡಬ್ಬದ ಮೇಲೆ ಕೂತಿದ್ದ. ಕೈಯಲ್ಲಿ ಬನಿಯನ್ ವೇಸ್ಟು, ಅದರಿಂದ ಒಂದೇ ಬೆರಳನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದ. ತಪ್ಪು ಅವನದೆಂದು ಎಲ್ಲರೂ ತೀರ್ಮಾನಿಸಿದರು. ಸಂಬಳ ಹಿಡಿದರು. ತಿಂಗಳು ತುಂಬುವ ಮೊದಲೇ ಅವನು ಬಿಟ್ಟು ಹೋದ. ಅವನು ಹಿಂದುಮುಂದು ಮಾಡಿದ್ದು ಎರಡು ಅಂಕಿ. ಅವನನ್ನು ಆ ಹೊತ್ತಿನಲ್ಲಿ, ಆ ನಿದ್ದೆಗಣ್ಣಿನಲ್ಲಿ ಅಲ್ಲಿ ನಿಲ್ಲಿಸಿದ್ದು ನಾನು ಕಳೆಯದೆ ಬಿಟ್ಟ ನೂರೈವತ್ತು ಗಂಟೆ. ಅದನ್ನು ಅಂದು ಯಾರ ಮುಂದೆಯೂ ನಾನು ಹೇಳಲಿಲ್ಲ. ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.

ಅದಕ್ಕೇ ನನ್ನ ಮೊದಲ ಬೇಡಿಕೆ: ಓವರ್‌ಟೈಮನ್ನು, ಅಂದರೆ ಓಟಿಯನ್ನು, ಲಭ್ಯ ಗಂಟೆಯ ಕಾಲಂನಲ್ಲಿ ಸೇರಿಸಬೇಡಿ. ವಾರಕ್ಕೆ 48 ಗಂಟೆ ಎನ್ನುವ ಗೆರೆ 1948ರ ಕಾಯ್ದೆಯಲ್ಲೇ ಇತ್ತು. 2023ರಲ್ಲಿ ನಮ್ಮ ರಾಜ್ಯ ದಿನಕ್ಕೆ 12 ಗಂಟೆವರೆಗೆ ದುಡಿಸಲು ಅವಕಾಶ ಕೊಟ್ಟು ತಿದ್ದುಪಡಿ ತಂದಾಗಲೂ ವಾರದ ಆ 48 ಹಾಗೆಯೇ ಉಳಿಯಿತು. ಅದನ್ನು ದಾಟಿದ ಪ್ರತಿ ಗಂಟೆಗೆ ಎರಡು ಪಟ್ಟು ಕೂಲಿ. ಓಟಿ ಇರುವುದು ಆಪತ್ತಿಗೆ. ಅದನ್ನು ಮೊದಲ ದಿನವೇ ಪ್ಲಾನಿನೊಳಗೆ ಬರೆದುಕೊಂಡವನ ಹತ್ತಿರ ಆಪತ್ತು ಬಂದ ದಿನ ಏನೂ ಉಳಿದಿರುವುದಿಲ್ಲ.

ಎರಡನೆಯದು, ಮಷೀನಿನ ಗಂಟೆ ಬೇರೆ, ಆಳಿನ ಗಂಟೆ ಬೇರೆ ಎಂದು ನೆನಪಿಡಿ. ಮೂರು ವಿಎಂಸಿ, ಎರಡು ಶಿಫ್ಟು ಅಂದರೆ ದಿನಕ್ಕೆ ಆರು ಜಾಗ. ನಿಮ್ಮ ಹತ್ತಿರ ಸೆಟ್ಟಿಂಗ್ ಬಲ್ಲ ಆಪರೇಟರ್‌ಗಳು ಐದೇ ಜನ ಇದ್ದರೆ, ನಿಮ್ಮ ಹತ್ತಿರ ಇರುವುದು ಐದು ಜಾಗದ ಗಂಟೆ. ಆರನೇ ಜಾಗದ ಮಷೀನು ಕಾಗದದ ಮೇಲೆ ಮಾತ್ರ ಓಡುತ್ತದೆ. ಹಾಗೆಯೇ ಒಂದೇ ಫಿಕ್ಸ್‌ಚರ್ ಇರುವ ಐಟಂ ಎರಡು ಮಷೀನಿನಲ್ಲಿ ಒಟ್ಟಿಗೆ ಓಡುವುದಿಲ್ಲ. ಇನ್‌ಸ್ಪೆಕ್ಷನ್ ಹುಡುಗಿ ಐದೂವರೆಗೆ ಮನೆಗೆ ಹೋದರೆ ಆರು ಗಂಟೆಗೆ ಮುಗಿದ ಸೆಟ್ಟಿಂಗಿನ ಮೊದಲ ಪೀಸ್ ಬೆಳಗಿನ ತನಕ ಕಾಯುತ್ತದೆ, ಮಷೀನೂ ಅದರ ಜೊತೆ ಕಾಯುತ್ತದೆ. ಸರಪಳಿಯಲ್ಲಿ ಯಾವ ಕೊಂಡಿ ಚಿಕ್ಕದೋ ಅದರ ಅಳತೆಯೇ ನಿಮ್ಮ ಅಳತೆ.

ಇದನ್ನು ಕೇಳಿ, ಇರುವ ಎಲ್ಲ ಮಷೀನಿಗೂ ಇಷ್ಟು ಲೆಕ್ಕ ಬರೆಯುವುದು ಯಾರು ಎಂದು ನೀವು ಗಾಬರಿಯಾಗಬೇಡಿ. ಬರೆಯಬೇಕಾಗಿಲ್ಲ. ನಿಮ್ಮ ಶಾಪಿನಲ್ಲಿ ಯಾವಾಗಲೂ ಮುಂದೆ ಕ್ರೇಟುಗಳ ಸಾಲು ನಿಂತಿರುವ ಮಷೀನು ಒಂದು ಇರುತ್ತದೆ. ಮಾಲು ಸಿಕ್ಕಿಕೊಳ್ಳುವ ಜಾಗ ಅದು. ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ ಒಂದು ಕಾರ್ಖಾನೆಯ ಕಥೆಯನ್ನೇ ಕಾದಂಬರಿಯಾಗಿ ಬರೆದು ಜಗತ್ತಿಗೆ ತಿಳಿಸಿಕೊಟ್ಟದ್ದು ಇದನ್ನೇ: ಆ ಒಂದು ಜಾಗದಲ್ಲಿ ಕಳೆದ ಗಂಟೆ ಇಡೀ ಕಾರ್ಖಾನೆ ಕಳೆದ ಗಂಟೆ, ಬೇರೆ ಕಡೆ ಉಳಿಸಿದ ಗಂಟೆಯಿಂದ ಡಿಸ್ಪ್ಯಾಚ್‌ಗೆ ಒಂದು ಪೀಸೂ ಹೆಚ್ಚು ಹೋಗುವುದಿಲ್ಲ. ಆದ್ದರಿಂದ ಆ ಒಂದು ಮಷೀನಿಗೆ ಮೈಯೆಲ್ಲ ಕಣ್ಣಾಗಿ ಲೆಕ್ಕ ಇಡಿ. ಉಳಿದವಕ್ಕೆ ಅಂದಾಜು ಸಾಕು.

ಲೆಕ್ಕ ಇಡಲು ಸಾಫ್ಟ್‌ವೇರ್ ಬೇಕಿಲ್ಲ. ನಿಮ್ಮ ಮಷೀನಿಗೆ ಫ್ಯಾನಕ್ ಕಂಟ್ರೋಲ್ ಇದ್ದರೆ, ಪವರ್ ಆನ್ ಆದ ಸಮಯ, ಆಟೋದಲ್ಲಿ ಓಡಿದ ಸಮಯ, ಕಟಿಂಗ್ ಸಮಯ ಎಲ್ಲವನ್ನೂ ಅದೇ ಎಣಿಸಿಕೊಂಡು ಒಂದು ಪುಟದಲ್ಲಿ ತೋರಿಸುತ್ತದೆ. ಎಷ್ಟೋ ವರ್ಷದಿಂದ ಎಣಿಸುತ್ತಿದೆ, ನಾವು ನೋಡಿಲ್ಲ ಅಷ್ಟೆ. ಒಂದನೇ ತಾರೀಕು ಬೆಳಿಗ್ಗೆ ಆ ಅಂಕಿಗಳನ್ನು ಬರೆದುಕೊಳ್ಳಿ, ತಿಂಗಳ ಕೊನೆಯ ರಾತ್ರಿ ಮತ್ತೆ ಬರೆದುಕೊಳ್ಳಿ. ಕಟಿಂಗ್ ಸಮಯವನ್ನು ಹಿಡಿಯಬೇಡಿ, ಅದರಲ್ಲಿ ಟೂಲ್ ಬದಲಾವಣೆಯಂಥದ್ದು ಸೇರುವುದಿಲ್ಲ. ಆಟೋದಲ್ಲಿ ಓಡಿದ ಸಮಯವನ್ನು ಹಿಡಿಯಿರಿ. ಮೂರು ತಿಂಗಳು ಹೀಗೆ ಬರೆದರೆ ನಿಮ್ಮ 245 ಎಷ್ಟೆಂದು ಮಷೀನೇ ಹೇಳುತ್ತದೆ.

ಎಷ್ಟು ಎಂದು ಮಷೀನು ಹೇಳುತ್ತದೆ, ಏಕೆ ಎಂದು ಹೇಳುವುದು ಆಪರೇಟರ್ ಮಾತ್ರ. ಅದಕ್ಕೊಂದು ನೋಟ್‌ಬುಕ್ ದಾರ ಕಟ್ಟಿ ಮಷೀನಿಗೆ ತೂಗುಹಾಕಿ. ಆರೇ ಕಾರಣ: ಕರೆಂಟು, ಬ್ರೇಕ್‌ಡೌನ್, ಸೆಟ್ಟಿಂಗ್, ಮೆಟೀರಿಯಲ್ ಇಲ್ಲ, ಆಳಿಲ್ಲ, ಇನ್‌ಸ್ಪೆಕ್ಷನ್‌ಗೆ ಕಾಯುವುದು. ನಿಂತ ಹೊತ್ತು, ಹೊರಟ ಹೊತ್ತು, ಒಂದು ಕಾರಣ. ಸೂಪರ್‌ವೈಸರ್‌ಗಳೇ, ಇಲ್ಲಿ ನಿಮ್ಮನ್ನು ಕೈಮುಗಿದು ಕೇಳುತ್ತೇನೆ: ಆ ಪುಸ್ತಕದಲ್ಲಿ ನಿಜ ಬರೆದವನನ್ನು ಅದೇ ಪುಸ್ತಕ ಹಿಡಿದು ಬೈಯಬೇಡಿ. ಒಂದೇ ಸಲ ಬೈದರೆ ಸಾಕು, ಮಾರನೆಯ ದಿನದಿಂದ ಎಲ್ಲ ಶಿಫ್ಟೂ "ಫುಲ್ ರನ್ನಿಂಗ್" ಆಗಿಬಿಡುತ್ತದೆ. ಆಮೇಲೆ ನಿಮ್ಮ ಕೈಯಲ್ಲಿ ಪುಸ್ತಕ ಇರುತ್ತದೆ, ಲೆಕ್ಕ ಇರುವುದಿಲ್ಲ. ಮತ್ತೊಂದು ಮಾತು: "ಮೆಟೀರಿಯಲ್ ಇಲ್ಲ" ಎನ್ನುವ ಗಂಟೆಗಳನ್ನು ಬೇರೆ ಕಾಲಂನಲ್ಲಿಡಿ. ಮಷೀನು ತಯಾರಿತ್ತು, ಕ್ಯಾಸ್ಟಿಂಗ್ ಬರಲಿಲ್ಲ. ಅದನ್ನು ಮಷೀನಿನ ಲಭ್ಯ ಗಂಟೆಯಲ್ಲಿ ಕಳೆದರೆ ಕ್ಯಾಸ್ಟಿಂಗ್ ತರಿಸುವವನ ತಪ್ಪು ಮಷೀನಿನ ತಲೆಗೆ ಬಂದು, ಸರಿಪಡಿಸಬೇಕಾದವನಿಗೆ ಕಾಣದೆ ಹೋಗುತ್ತದೆ.

ಗಂಟೆ ಕಡಿಮೆ ಇದೆ ಎಂದು ಗೊತ್ತಾದ ಮೇಲೆ ಅದನ್ನು ಹೆಚ್ಚಿಸುವ ದಾರಿಯೂ ಕಣ್ಣಿಗೆ ಬೀಳುತ್ತದೆ. ಸೆಟ್ಟಿಂಗಿನ 36 ಗಂಟೆ ನೋಡಿ. 1969ರಲ್ಲಿ ಟೊಯೊಟಾದ ಒಂದು ಸಾವಿರ ಟನ್ ಪ್ರೆಸ್ಸಿನ ಡೈ ಬದಲಿಸಲು ನಾಲ್ಕು ಗಂಟೆ ಬೇಕಾಗುತ್ತಿತ್ತು. ಶಿಗೆಯೊ ಶಿಂಗೊ ಅವರು ಅಲ್ಲಿಯ ಜನರ ಜೊತೆ ನಿಂತು ಮೊದಲು ಅದನ್ನು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಅದರ ಮೂಲ ಸರಳ: ಮಷೀನು ನಿಲ್ಲಿಸಿಯೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು ಎಂದು ಬೇರೆ ಮಾಡಿದರು. ನಮಗೆ ಮೂರು ನಿಮಿಷ ಬೇಡ. ಹಿಂದಿನ ಲಾಟಿನ ಕೊನೆಯ ಹತ್ತು ಪೀಸ್ ಓಡುತ್ತಿರುವಾಗಲೇ ಮುಂದಿನ ಫಿಕ್ಸ್‌ಚರ್, ಟೂಲು, ಇನ್‌ಸರ್ಟು, ಡ್ರಾಯಿಂಗು, ಗೇಜು ಒಂದು ಟ್ರಾಲಿಯಲ್ಲಿ ಮಷೀನಿನ ಹತ್ತಿರ ಬಂದು ನಿಂತಿರಲಿ. ಸೆಟ್ಟಿಂಗಿಗೆ 40 ನಿಮಿಷ ಉಳಿದರೂ 18 ಸೆಟ್ಟಿಂಗಿಗೆ 12 ಗಂಟೆ, 60 ಪೀಸ್. ಹೊಸ ಮಷೀನಿನ ಸಾಲ ಇಲ್ಲ, ಯಾರ ನಿದ್ದೆಯೂ ಕೆಡಲಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಏಟು ತಿಂದವರು ಆ ಕಡೆಗೆ ಜಾರುತ್ತಾರೆ. ಹತ್ತೂವರೆ ನಿಮಿಷದ ಸೈಕಲ್ಲನ್ನು ಆಪರೇಟರ್ 12 ಎಂದು ಹೇಳುತ್ತಾನೆ. ಸೂಪರ್‌ವೈಸರ್ ಅದರ ಮೇಲೆ ಒಂದು ನಿಮಿಷ ಇಡುತ್ತಾನೆ. ಪ್ಲಾನಿಂಗ್‌ನವನು ಬ್ರೇಕ್‌ಡೌನ್‌ಗೆಂದು ನೂರಕ್ಕೆ ಹದಿನೈದು ಕಳೆಯುತ್ತಾನೆ. ಮಾಲೀಕರು ಕಸ್ಟಮರ್‌ಗೆ ಹೇಳುವಾಗ ಇನ್ನೊಂದು ವಾರ ಸೇರಿಸುತ್ತಾರೆ. ಒಂದೇ ಭಯಕ್ಕೆ ನಾಲ್ಕು ಜನ ನಾಲ್ಕು ಸಲ ಕಳೆದದ್ದಾಯಿತು. ಆಗ ಇರುವ ಗಂಟೆಯೂ ಇಲ್ಲವೆಂದಾಗಿ, ಮಾಡಬಹುದಾಗಿದ್ದ ಕೆಲಸ ಪಕ್ಕದ ಶೆಡ್ಡಿಗೆ ಹೋಗುತ್ತದೆ. ಸೈಕಲ್ ಟೈಮ್ ಸೈಕಲ್ ಟೈಮಾಗಿಯೇ ಇರಲಿ, ನಷ್ಟ ನಷ್ಟವಾಗಿಯೇ ಇರಲಿ. ಪ್ರತಿಯೊಂದನ್ನೂ ಒಂದೇ ಸಲ, ಒಂದೇ ಜಾಗದಲ್ಲಿ, ಹೆಸರು ಹಿಡಿದು ಕಳೆಯಿರಿ.

ಕೊನೆಗೆ, 245 ಸಿಕ್ಕಿತೆಂದು 245ಕ್ಕೂ ಕೆಲಸ ತುಂಬಬೇಡಿ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ದಿನಾ ನಿಲ್ಲುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ: ಪೂರ್ತಿ ತುಂಬಿದ ರಸ್ತೆ ಓಡುವುದಿಲ್ಲ. ಸಾಲು ನಿಲ್ಲುವ ಗಣಿತವೂ ಅದನ್ನೇ ಹೇಳುತ್ತದೆ. ಕೆಲಸಗಳು ಹೇಗೆಂದರೆ ಹಾಗೆ ಬರುವ, ಒಂದೊಂದೂ ಒಂದೊಂದಷ್ಟು ಹೊತ್ತು ಹಿಡಿಯುವ ಜಾಗದಲ್ಲಿ ಮಷೀನಿಗೆ ಶೇ. 80 ಲೋಡು ಕೊಟ್ಟರೆ ಓಡುತ್ತಿರುವುದೂ ಸೇರಿ ಸರಾಸರಿ 4 ಜಾಬ್ ಅಲ್ಲಿರುತ್ತವೆ. ಶೇ. 90 ಮಾಡಿ, 9 ಆಗುತ್ತವೆ. ಶೇ. 95 ಮಾಡಿ, 19. ಲೋಡು ಏರಿದ್ದು ಹದಿನೈದು, ಸಾಲು ಬೆಳೆದದ್ದು ಐದು ಪಟ್ಟಿನ ಹತ್ತಿರ. ಕ್ರೇಟುಗಳ ಮಧ್ಯೆ ದಾರಿ ಹುಡುಕುತ್ತಾ "ಆ ಅರ್ಜೆಂಟ್ ಪೀಸ್ ಎಲ್ಲಿಟ್ಟೆ?" ಎಂದು ಕೂಗಾಡುವ ಶಾಪುಗಳಲ್ಲಿ ನಡೆಯುತ್ತಿರುವುದು ಇದೇ. ಆದ್ದರಿಂದ 245ರಲ್ಲಿ 210 ಗಂಟೆಗೆ ಮಾತು ಕೊಡಿ. ಉಳಿದ 35 ಗಂಟೆಯನ್ನು ಕೈಯಲ್ಲಿಟ್ಟುಕೊಳ್ಳಿ. ಸರಾಸರಿಗಿಂತ ಕೆಟ್ಟ ವಾರವೊಂದು ಬಂದೇ ಬರುತ್ತದೆ. ಬರದೇ ಇದ್ದರೆ ಮುಂದಿನ ತಿಂಗಳ ಕೆಲಸವನ್ನು ಬೇಗ ಶುರು ಮಾಡಿ, ಯಾರೂ ಬೇಡ ಅನ್ನುವುದಿಲ್ಲ.

ನೀವು ಕೇಳುವ ಪ್ರಶ್ನೆ ನನಗೆ ಗೊತ್ತಿದೆ. "ನಾವು ನಿಜ ಹೇಳಿದರೆ ಕಸ್ಟಮರ್ ಪಕ್ಕದವನ ಹತ್ತಿರ ಹೋಗುತ್ತಾನಲ್ಲ ಸ್ವಾಮಿ? ಪಕ್ಕದವನು ಆಗುತ್ತೆ ಅಂತಾನೆ." ಹೋಗಬಹುದು. ಕೆಲವರು ಹೋದದ್ದನ್ನು ನಾನೂ ನೋಡಿದ್ದೇನೆ. ಆದರೆ ಪರ್ಚೇಸ್‌ನವರ ಕಷ್ಟವನ್ನೂ ಒಮ್ಮೆ ಯೋಚಿಸಿ. ಅವರ ಅಸೆಂಬ್ಲಿ ಲೈನಿಗೆ ಬೇಕಾದದ್ದು ನಮ್ಮ ಧೈರ್ಯದ ಮಾತಲ್ಲ, ನಂಬಬಹುದಾದ ತಾರೀಕು. ಸಾವಿರ ಪೀಸ್ ಖಂಡಿತ ಬರುತ್ತದೆಂದು ಒಂದನೇ ತಾರೀಕಿಗೇ ಗೊತ್ತಾದರೆ ಉಳಿದ ಒಂಬೈನೂರಕ್ಕೆ ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ಅದೇ ಸುದ್ದಿ 28ನೇ ತಾರೀಕಿಗೆ ತಿಳಿದರೆ ಅವರಿಗೂ ದಾರಿ ಇಲ್ಲ, ನಮಗೂ ಇಲ್ಲ. ಮೂರು ತಿಂಗಳು ಹೇಳಿದ್ದನ್ನು ಹೇಳಿದ ದಿನ ಕಳಿಸಿದ ಶಾಪಿನ ಜೊತೆ ರೇಟಿನ ಚೌಕಾಸಿ ಕೂಡ ಮೆತ್ತಗಾಗುವುದನ್ನು ನಾನು ಕಂಡಿದ್ದೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಹಾಸಿಗೆಯನ್ನು ಅಳೆದು ನೋಡುವ ಕೆಲಸವನ್ನು ಮಾತ್ರ ನಾವೇ ಮಾಡಬೇಕು.

ಹೆಚ್ಚೇನೂ ಕೇಳುವುದಿಲ್ಲ. ಮುಂದಿನ ಸೋಮವಾರ, ಮುಂದೆ ಸಾಲು ನಿಂತಿರುವ ಆ ಒಂದೇ ಮಷೀನಿಗೆ ಒಂದು ನೋಟ್‌ಬುಕ್ ಕಟ್ಟಿ. ತಿಂಗಳ ಕೊನೆಗೆ ಕೂತು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಬಂದ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಆಫೀಸಿನ ಫೋನ್ ಇರುವ ಟೇಬಲ್ ಮೇಲೆ, ಗಾಜಿನ ಕೆಳಗೆ ಇಡಿ. ಮುಂದಿನ ಸಲ "ಸಾವಿರದ ಒಂಬೈನೂರು ಆಗುತ್ತಾ?" ಎಂದು ಕೇಳಿದಾಗ ಕಣ್ಣು ಕ್ಯಾಲೆಂಡರಿಗೆ ಹೋಗುವ ಮೊದಲು ಆ ಚೀಟಿಗೆ ಹೋಗಲಿ. "ಸಾವಿರ ಖಂಡಿತ ಸಾರ್, ಬರೆದುಕೊಳ್ಳಿ. ಉಳಿದದ್ದಕ್ಕೆ ಮುಂದಿನ ತಿಂಗಳ ತಾರೀಕು ಸಂಜೆ ಹೇಳುತ್ತೇನೆ" ಎಂದು ಹೇಳಿ ಫೋನ್ ಇಡಿ.

ಆ ಹೊತ್ತಿಗೆ ಒಳಗೆ ಮಷೀನಿನ ಮುಂದೆ ನಿಂತಿರುವ ಹುಡುಗನಿಗೆ ಈ ಮಾತು ಕೇಳಿಸುವುದಿಲ್ಲ. ಆದರೆ ಶಿಫ್ಟು ಮುಗಿದಾಗ ಅವನು ಕೈ ತೊಳೆದು, ಚೀಲ ತೆಗೆದುಕೊಂಡು, ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಾನೆ.

ಇಂತಿ ನಿಮ್ಮವ,
ಪೀಣ್ಯದ ಒಬ್ಬ ಹಳೆಯ ಪ್ಲಾನಿಂಗ್ ಕೆಲಸಗಾರ